ತೈಲ ಮಾರಿ ದೇಶ ಕಟ್ಟಬಹುದೇ?

ಯುದ್ಧ ನಿಂತ ಮರುದಿನ ಏಳುವ ಮೊದಲ ಪ್ರಶ್ನೆ ಒಂದೇ: ಬಿದ್ದ ಮನೆ, ಮುರಿದ ಸೇತುವೆ, ಸುಟ್ಟ ಆಸ್ಪತ್ರೆಗಳನ್ನು ಮತ್ತೆ ಕಟ್ಟುವ ಖರ್ಚು ಯಾರದು? ಆ ದೇಶದ ನೆಲದಡಿ ತೈಲವಿದ್ದರೆ ಉತ್ತರ ಬಲು ಸುಲಭವಾಗಿ ಬಂದುಬಿಡುತ್ತದೆ. ‘ಅವರಿಗೇನು ಕಷ್ಟ? ತೈಲ ಮಾರಿ ಕಟ್ಟಿಕೊಳ್ಳಲಿ.’

ಈಗ ಸಿರಿಯಾದ ವಿಚಾರದಲ್ಲೂ ಈ ಪ್ರಶ್ನೆ ಎದುರಾಗಿದೆ. 2024ರ ಡಿಸೆಂಬರ್‌ನಲ್ಲಿ ಅಲ್ಲಿ ಅಸಾದ್ ಆಡಳಿತ ಕುಸಿಯಿತು. ಹದಿಮೂರು ವರ್ಷಗಳ ಯುದ್ಧದಲ್ಲಿ ನಾಶವಾದದ್ದನ್ನು ಮತ್ತೆ ಕಟ್ಟಲು ಸುಮಾರು 216 ಬಿಲಿಯನ್ ಡಾಲರ್ ಬೇಕೆಂದು ವಿಶ್ವಬ್ಯಾಂಕ್ 2025ರ ಅಕ್ಟೋಬರ್‌ನಲ್ಲಿ ಅಂದಾಜಿಸಿತು. ಒಂದು ಬಿಲಿಯನ್ ಎಂದರೆ ನೂರು ಕೋಟಿ. ಯುದ್ಧಕ್ಕೆ ಮೊದಲು ಸಿರಿಯಾ ದಿನಕ್ಕೆ ಹೆಚ್ಚುಕಡಿಮೆ 4 ಲಕ್ಷ ಬ್ಯಾರೆಲ್ ತೈಲ ತೆಗೆಯುತ್ತಿತ್ತು. ಬ್ಯಾರೆಲ್‌ಗೆ 70 ಡಾಲರ್ ಎಂದು ಹಿಡಿದರೂ ವರ್ಷಕ್ಕೆ ಹತ್ತು ಬಿಲಿಯನ್ ಡಾಲರ್ ಮಾತ್ರ. ದೇಶದೊಳಗೆ ಒಂದು ತೊಟ್ಟನ್ನೂ ಬಳಸದೆ, ಯಾರಿಗೂ ಸಂಬಳ ಕೊಡದೆ ಅಷ್ಟನ್ನೂ ಮಾರಿದರೂ ಬಿಲ್ಲು ತೀರಲು ಇಪ್ಪತ್ತು ವರ್ಷ ದಾಟುತ್ತದೆ. ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎನ್ನುತ್ತಾರಲ್ಲ, ಹಾಗೆ.

‘ಸಿರಿಯಾದಲ್ಲಿ ಇರುವುದೇ ಸ್ವಲ್ಪ ತೈಲ, ಅದಕ್ಕೇ ಹೀಗೆ’ ಎಂದು ಯಾರಾದರೂ ಹೇಳಬಹುದು. ಹಾಗಿದ್ದರೆ ತೈಲದ ಕಡಲೇ ಇರುವ ದೇಶವನ್ನು ನೋಡೋಣ. ಇರಾಕ್‌ನಲ್ಲಿ ಗುರುತಿಸಿರುವ ತೈಲ ನಿಕ್ಷೇಪ ಸುಮಾರು 145 ಬಿಲಿಯನ್ ಬ್ಯಾರೆಲ್. ಈ ವಿಷಯದಲ್ಲಿ ಜಗತ್ತಿನ ಮೊದಲ ಐದು ದೇಶಗಳಲ್ಲಿ ಅದೂ ಒಂದು. ನಾನು ಅರ್ಥಶಾಸ್ತ್ರದ ವಿದ್ಯಾರ್ಥಿ, ಜೊತೆಗೆ ಸ್ಪರ್ಧಾತ್ಮಕ ಪರೀಕ್ಷೆಗಳಿಗೂ ಓದುತ್ತಿದ್ದೇನೆ. ನಮ್ಮ ಗೈಡುಗಳಲ್ಲಿ ಇರಾಕ್ ಎಂದರೆ ‘ಸಂಪನ್ಮೂಲದ ಶಾಪಕ್ಕೆ ಉದಾಹರಣೆ ಕೊಡಿ’ ಎಂಬ ಎರಡು ಅಂಕದ ಪ್ರಶ್ನೆಗೆ ಉತ್ತರ, ಅಷ್ಟೆ. ‘ಶಾಪ’ ಎಂದು ಬರೆದು ಮುಂದಿನ ಪುಟಕ್ಕೆ ಹೋಗುವುದು ನನಗೆ ಒಗ್ಗಲಿಲ್ಲ. ಶಾಪ ಯಾವ ಹಂತದಲ್ಲಿ ತಗಲುತ್ತದೆ? ಒಂದು ಬ್ಯಾರೆಲ್ ತೈಲ ನೆಲದಿಂದ ಹೊರಟು ಒಂದು ಶಾಲೆಯೋ ನೀರಿನ ಕೊಳವೆಯೋ ಆಗುವ ತನಕ ಅದರ ಜೊತೆಯಲ್ಲೇ ನಡೆದು ನೋಡಿದರೆ ಉತ್ತರ ಸಿಗುತ್ತದೆ.

ಒಂದು ಭರವಸೆಯ ಲೆಕ್ಕ

ಇರಾಕ್ ಮೇಲೆ ಅಮೆರಿಕದ ದಾಳಿ ಶುರುವಾದದ್ದು 2003ರ ಮಾರ್ಚ್ 20ರಂದು. ವಾರ ಕಳೆಯುವಷ್ಟರಲ್ಲಿ, ಮಾರ್ಚ್ 27ರಂದು, ಅಮೆರಿಕದ ಅಂದಿನ ರಕ್ಷಣಾ ಉಪಕಾರ್ಯದರ್ಶಿ ಪಾಲ್ ವುಲ್ಫೊವಿಟ್ಸ್ ಅಲ್ಲಿನ ಸಂಸತ್ತಿನ ಸಮಿತಿಯೊಂದರ ಮುಂದೆ ನಿಂತು, ಇರಾಕ್ ತನ್ನ ಪುನರ್‌ನಿರ್ಮಾಣದ ಖರ್ಚನ್ನು ತಾನೇ ಭರಿಸಬಲ್ಲ ದೇಶ, ಅದೂ ಬೇಗನೆ ಎಂದರು. ಎರಡು ಮೂರು ವರ್ಷಗಳಲ್ಲಿ ತೈಲದಿಂದ 50ರಿಂದ 100 ಬಿಲಿಯನ್ ಡಾಲರ್ ಬರಬಹುದು ಎಂಬುದು ಅವರ ಲೆಕ್ಕ. ಮರುತಿಂಗಳು ಅಮೆರಿಕದ ನೆರವು ಸಂಸ್ಥೆಯ ಮುಖ್ಯಸ್ಥ ಆಂಡ್ರ್ಯೂ ನಾಟ್ಸಿಯೋಸ್, ಅಮೆರಿಕದ ತೆರಿಗೆದಾರರ ಪಾಲಿಗೆ ಬರುವುದು 1.7 ಬಿಲಿಯನ್ ಡಾಲರ್ ಮಾತ್ರ ಎಂದು ಟಿ.ವಿ. ಸಂದರ್ಶನದಲ್ಲಿ ಹೇಳಿದರು.

ಈ ಲೆಕ್ಕವನ್ನು ಪರೀಕ್ಷಿಸಲು ಕ್ಯಾಲ್ಕ್ಯುಲೇಟರ್ ಸಾಕು. ಯುದ್ಧಕ್ಕೆ ಮೊದಲು ಇರಾಕ್‌ನ ಉತ್ಪಾದನೆ ದಿನಕ್ಕೆ ಸುಮಾರು 25 ಲಕ್ಷ ಬ್ಯಾರೆಲ್. ಅದರಲ್ಲಿ 20 ಲಕ್ಷ ರಫ್ತಾಗುತ್ತದೆ, ಬೆಲೆ 25 ಡಾಲರ್ ಸಿಗುತ್ತದೆ ಎಂದುಕೊಂಡರೆ ದಿನಕ್ಕೆ 5 ಕೋಟಿ ಡಾಲರ್, ವರ್ಷಕ್ಕೆ ಹದಿನೆಂಟು ಬಿಲಿಯನ್ ಚಿಲ್ಲರೆ. ಮೂರು ವರ್ಷಕ್ಕೆ 55 ಬಿಲಿಯನ್. ಎಲ್ಲವೂ ಸುಸೂತ್ರವಾಗಿ ನಡೆದರೆ ಭರವಸೆಯ ಕೆಳಗಿನ ಮಿತಿಯನ್ನು ಮುಟ್ಟಬಹುದಿತ್ತು. ಕಾಕತಾಳೀಯವೆಂಬಂತೆ, ಅದೇ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆ, ವಿಶ್ವಬ್ಯಾಂಕ್ ಮತ್ತು ಅಮೆರಿಕದ ಆಡಳಿತ ಮಾಡಿದ ಅಂದಾಜುಗಳನ್ನು ಕೂಡಿಸಿದರೆ ಪುನರ್‌ನಿರ್ಮಾಣಕ್ಕೆ ಬೇಕಾದದ್ದೂ ಸುಮಾರು 55 ಬಿಲಿಯನ್.

ಕಾಗದದ ಮೇಲೆ ಲೆಕ್ಕ ಹೊಂದಿತು. ಆದರೆ ಆ ತೈಲದ ಹಣದಲ್ಲೇ ದೇಶದ ಸಂಬಳ, ಪಿಂಚಣಿ, ಔಷಧ, ಅನ್ನ ಎಲ್ಲವೂ ನಡೆಯಬೇಕಿತ್ತು. 1990ರಲ್ಲಿ ಆರ್ಥಿಕ ದಿಗ್ಬಂಧನ ಬಿದ್ದಾಗ ಇರಾಕ್ ಸರ್ಕಾರ ಮನೆಮನೆಗೂ ಪಡಿತರ ಕೊಡಲು ಆರಂಭಿಸಿತ್ತು. 2003ರ ವೇಳೆಗೆ ಜನಸಂಖ್ಯೆಯ ಶೇ 60ರಷ್ಟು ಮಂದಿ ಆ ಪಡಿತರವನ್ನೇ ನಂಬಿ ಬದುಕುತ್ತಿದ್ದರು. ಹೊಟ್ಟೆಗೆ ಹೋಗುವ ಹಣವನ್ನು ಗೋಡೆಗೆ ಹಾಕಲಾಗದು. ಭರವಸೆಯ ಲೆಕ್ಕದಲ್ಲಿ ಈ ಒಂದು ಕಳೆಯುವ ಚಿಹ್ನೆಯೇ ಇರಲಿಲ್ಲ.

ನೆಲದಿಂದ ಬಂದರಿಗೆ

ಹೊಲದಲ್ಲಿ ನಿಂತ ಬೆಳೆ ಜೇಬಿನಲ್ಲಿರುವ ದುಡ್ಡಲ್ಲ ಎಂಬುದು ರೈತರ ಮನೆಯ ಮಕ್ಕಳಿಗೆಲ್ಲ ಗೊತ್ತು. ತೈಲವೂ ಹಾಗೆಯೇ. ಅದನ್ನು ಎತ್ತಲು ಪಂಪು ಬೇಕು, ಪಂಪಿಗೆ ವಿದ್ಯುತ್ ಬೇಕು, ವಿದ್ಯುತ್ ಸ್ಥಾವರಕ್ಕೆ ಇಂಧನ ಬೇಕು. ಮೂರರಲ್ಲಿ ಒಂದು ನಿಂತರೂ ಉಳಿದೆರಡೂ ನಿಲ್ಲುತ್ತವೆ.

2003ರ ಏಪ್ರಿಲ್‌ನಲ್ಲಿ ಬಾಗ್ದಾದ್ ಬಿದ್ದಾಗ ಸರ್ಕಾರಿ ಕಚೇರಿಗಳನ್ನು ಜನ ಲೂಟಿ ಮಾಡಿದರು. ತೈಲ ಸಚಿವಾಲಯದ ಕಟ್ಟಡಕ್ಕೆ ಅಮೆರಿಕದ ಸೇನೆ ಕಾವಲು ನಿಂತಿತು, ಬೇರೆ ಸಚಿವಾಲಯಗಳಿಗೆ ಆ ಭಾಗ್ಯ ಇರಲಿಲ್ಲ. ಆದರೆ ತೈಲ ಇರುವುದು ಸಚಿವಾಲಯದ ಕಡತದಲ್ಲಲ್ಲ. ಮರುಭೂಮಿಯಲ್ಲಿ ನೂರಾರು ಕಿಲೊಮೀಟರ್ ಮಲಗಿದ್ದ ಕೊಳವೆ ಮಾರ್ಗಗಳಿಗೆ ಕಾವಲಿರಲಿಲ್ಲ. ಮೇ ತಿಂಗಳಲ್ಲಿ ಇರಾಕ್ ಸೇನೆಯನ್ನೇ ವಿಸರ್ಜಿಸಲಾಯಿತು. ಸದ್ದಾಂ ಹುಸೇನರ ಬಾತ್ ಪಕ್ಷದ ಮೇಲಿನ ಹಂತದ ಸದಸ್ಯರನ್ನು ನೌಕರಿಯಿಂದ ತೆಗೆಯಲಾಯಿತು. ಹಾಗೆ ಹೊರಬಿದ್ದವರಲ್ಲಿ ಅನುಭವಿ ಎಂಜಿನಿಯರ್‌ಗಳೂ ಅಧಿಕಾರಿಗಳೂ ಇದ್ದರು. ಕೊಳವೆ ಸ್ಫೋಟಿಸುವವರು ಹೆಚ್ಚಾದರು, ರಿಪೇರಿ ಮಾಡಬಲ್ಲವರು ಕಡಿಮೆಯಾದರು. ಕಿರ್ಕುಕ್‌ನಿಂದ ಟರ್ಕಿಯ ಜೇಹಾನ್ ಬಂದರಿಗೆ ಹೋಗುವ ಮಾರ್ಗದ ಮೇಲೆ ಮತ್ತೆ ಮತ್ತೆ ದಾಳಿಗಳಾದವು. ಯುದ್ಧಪೂರ್ವದ ಉತ್ಪಾದನಾ ಮಟ್ಟವನ್ನು ಸ್ಥಿರವಾಗಿ ದಾಟಲು ವರ್ಷಗಳೇ ಹಿಡಿದವು. ಆ ದಿನಗಳಲ್ಲಿ ತೈಲದ ಮೇಲೆ ಕುಳಿತ ದೇಶವೇ ಪೆಟ್ರೋಲನ್ನು ಹೊರಗಿನಿಂದ ತರಿಸಿಕೊಳ್ಳುತ್ತಿತ್ತು, ಬಂಕ್‌ಗಳ ಮುಂದೆ ಕಾರುಗಳ ಸಾಲು ನಿಲ್ಲುತ್ತಿತ್ತು.

ಎಂಜಿನಿಯರಿಂಗ್ ಓದುತ್ತಿರುವ ಗೆಳೆಯರು ಅಲ್-ಫತಾ ಎಂಬ ಜಾಗದ ಕಥೆಯನ್ನು ತಿಳಿಯಬೇಕು. ಕಿರ್ಕುಕ್‌ನ ತೈಲ ಕೊಳವೆಗಳು ಅಲ್ಲಿ ಟೈಗ್ರಿಸ್ ನದಿಯನ್ನು ಸೇತುವೆಯ ಮೇಲಿಂದ ದಾಟುತ್ತಿದ್ದವು. ಯುದ್ಧದಲ್ಲಿ ಆ ಸೇತುವೆ ಬಾಂಬಿಗೆ ಮುರಿಯಿತು. ಸೇತುವೆಯನ್ನು ಸರಿಪಡಿಸುವ ಬದಲು ನದಿಯ ತಳದಡಿ ರಂಧ್ರ ಕೊರೆದು ಕೊಳವೆ ಎಳೆಯುವ ಕೆಲಸವನ್ನು ಅಮೆರಿಕದ ಗುತ್ತಿಗೆ ಕಂಪನಿ ಕೈಗೆತ್ತಿಕೊಂಡಿತು. ಅಲ್ಲಿನ ಬಂಡೆ ಬಿರುಕುಬಿಟ್ಟದ್ದು, ಮಣ್ಣು ಸಡಿಲ, ಈ ವಿಧಾನ ಕಷ್ಟ ಎಂದು ಭೂಗರ್ಭ ಸಮೀಕ್ಷೆ ಮಾಡಿದವರು ಮೊದಲೇ ಎಚ್ಚರಿಸಿದ್ದರು. ಎಚ್ಚರಿಕೆಗೆ ಯಾರೂ ಕಿವಿಗೊಡಲಿಲ್ಲ. ಸುಮಾರು 7.5 ಕೋಟಿ ಡಾಲರ್ ಕರಗಿತು, ಕೆಲಸ ಕೈಕೊಟ್ಟಿತು. ತೈಲದ ಹಣ ಬರಬೇಕಾದರೆ ಮೊದಲು ತೈಲ ಹರಿಯಬೇಕು, ಅದು ಹರಿಯಲು ಮೊದಲೇ ಹಣ ಬೇಕು, ಆ ಹಣ ಸರಿಯಾಗಿ ಖರ್ಚಾಗಬೇಕು. ಇದು ಮೊದಲ ಗಂಟು.

ಬಂದರಿನಿಂದ ಬೊಕ್ಕಸಕ್ಕೆ

ಹಡಗೇರಿದ ತೈಲದ ಹಣವೂ ನೇರವಾಗಿ ಇರಾಕಿಗಳ ಕೈಗೆ ಬರಲಿಲ್ಲ. 2003ರ ಮೇ 22ರ ವಿಶ್ವಸಂಸ್ಥೆ ಭದ್ರತಾ ಮಂಡಳಿಯ 1483ನೇ ನಿರ್ಣಯದಂತೆ ಅದು ‘ಇರಾಕ್ ಅಭಿವೃದ್ಧಿ ನಿಧಿ’ಗೆ ಹೋಗಬೇಕಿತ್ತು. ಅದಕ್ಕೂ ಮುಂಚೆ ಶೇ 5ರಷ್ಟು ಭಾಗವನ್ನು, ಸದ್ದಾಂ 1990ರಲ್ಲಿ ಕುವೈತ್ ಮೇಲೆ ಮಾಡಿದ ದಾಳಿಯ ಪರಿಹಾರಕ್ಕೆಂದು ತೆಗೆದಿಡಬೇಕಿತ್ತು. ಹೀಗೆ ಇರಾಕ್ ಒಟ್ಟು 52.4 ಬಿಲಿಯನ್ ಡಾಲರ್ ಪರಿಹಾರ ಕಟ್ಟಿ ಮುಗಿಸಿದ್ದು 2022ರಲ್ಲಿ. ದಾಳಿಯಾದಾಗ ಹುಟ್ಟಿಯೇ ಇರದಿದ್ದ ಮಕ್ಕಳು ಬೆಳೆದು ಕೆಲಸ ಹುಡುಕುವ ವಯಸ್ಸಿಗೆ ಬಂದಾಗಲೂ ಕಂತು ನಡೆಯುತ್ತಿತ್ತು. ಇದರ ಮೇಲೆ ಸದ್ದಾಂ ಕಾಲದ ನೂರಕ್ಕೂ ಹೆಚ್ಚು ಬಿಲಿಯನ್ ಡಾಲರ್‌ಗಳ ಹೊರಸಾಲ. ಅದರಲ್ಲಿ ತಮಗೆ ಬರಬೇಕಿದ್ದ ಪಾಲಿನ ಶೇ 80ರಷ್ಟನ್ನು ಶ್ರೀಮಂತ ದೇಶಗಳ ‘ಪ್ಯಾರಿಸ್ ಕ್ಲಬ್’ 2004ರ ನವೆಂಬರ್‌ನಲ್ಲಿ ಮನ್ನಾ ಮಾಡಲು ಒಪ್ಪದಿದ್ದರೆ ಇರಾಕ್ ಬಡ್ಡಿಯಲ್ಲೇ ಮುಳುಗುತ್ತಿತ್ತು.

ಇನ್ನು ನಿಧಿಗೆ ಬಂದ ಹಣದ ಕಥೆ. ಅಮೆರಿಕದ ಆಡಳಿತವಿದ್ದ ಒಂದು ವರ್ಷದಲ್ಲಿ ನ್ಯೂಯಾರ್ಕ್‌ನಿಂದ ಬಾಗ್ದಾದಿಗೆ ಸುಮಾರು 12 ಬಿಲಿಯನ್ ಡಾಲರ್ ನಗದು ವಿಮಾನದಲ್ಲಿ ಹೋಯಿತು. ನೋಟುಗಳ ತೂಕವೇ 363 ಟನ್. ಅದು ಅಮೆರಿಕದ ದಾನವಾಗಿರಲಿಲ್ಲ, ಇರಾಕಿಗಳದೇ ಹಣ. ನಿಧಿಯಿಂದ ಸಚಿವಾಲಯಗಳಿಗೆ ಕೊಟ್ಟದ್ದರಲ್ಲಿ 8.8 ಬಿಲಿಯನ್ ಡಾಲರ್‌ಗೆ ಸರಿಯಾದ ಲೆಕ್ಕಪತ್ರದ ಉಸ್ತುವಾರಿಯೇ ಇರಲಿಲ್ಲ ಎಂದು ಅಮೆರಿಕದ್ದೇ ವಿಶೇಷ ತನಿಖಾಧಿಕಾರಿಯ ಕಚೇರಿ 2005ರಲ್ಲಿ ವರದಿ ಕೊಟ್ಟಿತು.

ತೈಲ ಯಾರದು ಎಂಬ ಜಗಳ ಬೇರೆ. ಉತ್ತರದ ಕುರ್ದಿಸ್ತಾನ್ ಪ್ರಾಂತ್ಯ ತಾನೇ ತೈಲ ಮಾರಲು ಹೊರಟಿತು, ಬಾಗ್ದಾದ್ ಒಪ್ಪಲಿಲ್ಲ. ವ್ಯಾಜ್ಯದ ತೀರ್ಪಿನ ಬೆನ್ನಲ್ಲೇ 2023ರ ಮಾರ್ಚ್‌ನಲ್ಲಿ ಟರ್ಕಿಯತ್ತ ಹೋಗುವ ಕೊಳವೆ ಬಂದ್ ಆಯಿತು. ಮತ್ತೆ ತೆರೆದದ್ದು 2025ರ ಸೆಪ್ಟೆಂಬರ್‌ನಲ್ಲಿ. ಎರಡೂವರೆ ವರ್ಷ ಆ ದಾರಿಯ ಆದಾಯ ಸೊನ್ನೆ.

ಬೊಕ್ಕಸದಿಂದ ಬೀದಿಗೆ

ಮುಂದೆ ತೈಲ ಬೆಲೆ ಏರಿತು, ಉತ್ಪಾದನೆಯೂ ಏರಿತು. ಇಂದು ಇರಾಕ್ ದಿನಕ್ಕೆ 40 ಲಕ್ಷ ಬ್ಯಾರೆಲ್ ತೆಗೆಯುವ ಸಾಮರ್ಥ್ಯ ಹೊಂದಿದೆ. 2022 ಒಂದೇ ವರ್ಷದಲ್ಲಿ ಅದರ ತೈಲ ಆದಾಯ 115 ಬಿಲಿಯನ್ ಡಾಲರ್ ದಾಟಿತು. 2003ರಲ್ಲಿ ಇಡೀ ದೇಶ ಕಟ್ಟಲು ಬೇಕೆಂದಿದ್ದ ಮೊತ್ತದ ಎರಡು ಪಟ್ಟು, ಒಂದೇ ವರ್ಷದಲ್ಲಿ! ಹಾಗಾದರೆ ಹಣದ ಕೊರತೆ ಎಂಬ ಮಾತು ಮುಗಿಯಬೇಕಿತ್ತು.

ಬೀದಿಯಲ್ಲಿ ಕಂಡದ್ದು ಬೇರೆ. ದೇಶದ ಬಹುಪಾಲು ತೈಲ ಬರುವುದು ದಕ್ಷಿಣದ ಬಸ್ರಾದಿಂದ. ಅದೇ ಬಸ್ರಾದಲ್ಲಿ 2018ರ ಬೇಸಿಗೆಯಲ್ಲಿ ಕಲುಷಿತ ನೀರು ಕುಡಿದು ಒಂದು ಲಕ್ಷಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ತೈಲದ ಜೊತೆ ಹೊರಬರುವ ಅನಿಲವನ್ನು ಹಿಡಿದಿಡುವ ವ್ಯವಸ್ಥೆ ಸಾಲದೆ ಇರಾಕ್ ಅದನ್ನು ಬಾವಿಯ ಬಾಯಲ್ಲೇ ಉರಿಸುತ್ತದೆ. ಹೀಗೆ ಅತಿ ಹೆಚ್ಚು ಅನಿಲ ಉರಿಸುವ ದೇಶಗಳ ಪಟ್ಟಿಯಲ್ಲಿ ಅದಕ್ಕೆ ಮೇಲಿನ ಸ್ಥಾನ. ಅತ್ತ ತನ್ನ ವಿದ್ಯುತ್ ಸ್ಥಾವರಗಳಿಗಾಗಿ ವರ್ಷಗಟ್ಟಲೆ ಇರಾನಿನಿಂದ ಅನಿಲ ಕೊಂಡಿತು. ಬೇಸಿಗೆಯಲ್ಲಿ 50 ಡಿಗ್ರಿ ಬಿಸಿಲಿನಲ್ಲೂ ಕರೆಂಟು ಹೋಗುತ್ತದೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಗೆ ಇರಾಕ್‌ನಲ್ಲಿ ಒಂದು ಹೆಸರಿದೆ: ‘ಮುಹಾಸಸಾ’. ಶಿಯಾ, ಸುನ್ನಿ, ಕುರ್ದ್ ಎಂದು ಪಕ್ಷಗಳು ಸಚಿವಾಲಯಗಳನ್ನು ಹಂಚಿಕೊಳ್ಳುವ ಪದ್ಧತಿ. ಸಚಿವಾಲಯ ಕೈಗೆ ಬಂದರೆ ಅದರ ಗುತ್ತಿಗೆ, ಅದರ ನೌಕರಿ ಎಲ್ಲವೂ ಪಕ್ಷದ ಕೈಗೆ. 2022ರಲ್ಲಿ ಬೆಳಕಿಗೆ ಬಂದ ಒಂದು ಹಗರಣದಲ್ಲಿ ತೆರಿಗೆ ಇಲಾಖೆಯ ಖಾತೆಯಿಂದ 247 ಚೆಕ್‌ಗಳ ಮೂಲಕ ಸುಮಾರು 2.5 ಬಿಲಿಯನ್ ಡಾಲರ್ ಮಾಯವಾಗಿತ್ತು. ಅಲ್ಲಿನ ಜನ ಅದನ್ನು ‘ಶತಮಾನದ ಕಳವು’ ಎಂದೇ ಕರೆದರು.

ಅಮೆರಿಕದ ನೆರವೂ ಮೇಲಾಗಿರಲಿಲ್ಲ. 1.7 ಬಿಲಿಯನ್ ಎಂದಿದ್ದ ಅದರ ಖರ್ಚು 60 ಬಿಲಿಯನ್ ಡಾಲರ್ ತಲುಪಿತು. ಅದರಲ್ಲಿ ಕನಿಷ್ಠ 8 ಬಿಲಿಯನ್ ಪೋಲಾಯಿತು ಎಂದು 2013ರ ಅಂತಿಮ ವರದಿ ಹೇಳಿತು. ಫಲ್ಲೂಜಾ ನಗರದ ಒಳಚರಂಡಿ ಯೋಜನೆಗೆ ಮೂರು ಕೋಟಿ ಡಾಲರ್ ಚಿಲ್ಲರೆ ಎಂದು ಅಂದಾಜಿಸಿದ್ದರು. ಕೊನೆಗೆ ಹತ್ತು ಕೋಟಿ ದಾಟಿತು, ಸಂಪರ್ಕ ಸಿಕ್ಕಿದ್ದು ಊರಿನ ಒಂದು ಭಾಗದ ಮನೆಗಳಿಗೆ ಮಾತ್ರ. ಹೊರಗಿನವರೂ ಒಳಗಿನವರೂ ಒಂದೇ ಪಾಠ ಕಲಿಸಿದ್ದಾರೆ: ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲದ ಹಣ ಗೋಡೆಯಾಗುವುದಿಲ್ಲ.

ಪದವಿ ಹಿಡಿದು ನಿಂತವರ ಸಾಲು

ನನ್ನನ್ನು ಹೆಚ್ಚು ಕಾಡಿದ್ದು ಇರಾಕ್‌ನ ನಮ್ಮ ವಯಸ್ಸಿನವರ ಸ್ಥಿತಿ. ಸರ್ಕಾರದ ಆದಾಯದಲ್ಲಿ ಶೇ 90ರಷ್ಟನ್ನು ತರುವ ತೈಲ ಉದ್ಯಮ ಕೆಲಸ ಕೊಡುವುದು ದುಡಿಯುವವರಲ್ಲಿ ಶೇ 1ರ ಆಸುಪಾಸಿನವರಿಗೆ. ಬಾವಿ ಕೊರೆಯಲು ಯಂತ್ರ ಸಾಕು, ಸಾವಿರಾರು ಕೈ ಬೇಡ. ಹಾಗಾಗಿ ತೈಲದ ಹಣ ಜನರಿಗೆ ತಲುಪುವ ಮುಖ್ಯ ದಾರಿ ಸರ್ಕಾರಿ ಸಂಬಳ. 2003ರ ನಂತರ ಸರ್ಕಾರಿ ನೌಕರರ ಸಂಖ್ಯೆ ಹಲವು ಪಟ್ಟು ಹೆಚ್ಚಿ ಈಗ 40 ಲಕ್ಷ ದಾಟಿದೆ. ಚುನಾವಣೆ ಬಂದಾಗ ನೇಮಕಾತಿ, ಪ್ರತಿಭಟನೆ ಎದ್ದಾಗ ಇನ್ನಷ್ಟು ನೇಮಕಾತಿ.

ಸರ್ಕಾರಿ ನೌಕರಿಗಾಗಿ ಕಾಯುವ ನಮಗೆ ಇದು ಸ್ವರ್ಗದಂತೆ ಕಾಣಬಹುದು. ಆದರೆ ಈ ಸಂಬಳದ ಹೊರೆ ತೈಲ ಬೆಲೆ ಇಳಿದಾಗ ಇಳಿಯುವುದಿಲ್ಲ. 2020ರ ಏಪ್ರಿಲ್‌ನಲ್ಲಿ ಕೊರೊನಾದಿಂದ ಬೆಲೆ ಕುಸಿದಾಗ ಇರಾಕ್‌ಗೆ ತೈಲದಿಂದ ಬಂದದ್ದು 1.4 ಬಿಲಿಯನ್ ಡಾಲರ್. ಸಂಬಳ, ಪಿಂಚಣಿಗೆ ಬೇಕಾದದ್ದು ಅದರ ಎರಡು ಪಟ್ಟಿಗೂ ಹೆಚ್ಚು. ಅಂಥ ತಿಂಗಳಲ್ಲಿ ಮೊದಲು ಕತ್ತರಿ ಬೀಳುವುದು ಸೇತುವೆ, ಶಾಲೆ, ನೀರಿನ ಯೋಜನೆಗಳಿಗೆ. ಸಂಬಳ ನಿಲ್ಲಿಸಿದರೆ ಜನ ಬೀದಿಗೆ ಬರುತ್ತಾರೆ, ಸೇತುವೆ ನಿಲ್ಲಿಸಿದರೆ ಯಾರೂ ತಕ್ಷಣ ಕೇಳುವುದಿಲ್ಲ. ಪುನರ್‌ನಿರ್ಮಾಣ ಸದಾ ಪಂಕ್ತಿಯ ಕೊನೆಯಲ್ಲಿ ಕೂರುತ್ತದೆ.

ಇಷ್ಟಾದರೂ ಎಲ್ಲರಿಗೂ ಕೆಲಸ ಸಿಗಲಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಸ್ನಾತಕೋತ್ತರ ಪದವಿ, ಪಿಎಚ್‌.ಡಿ. ಪಡೆದವರು ಉದ್ಯೋಗ ಕೇಳಿ ಬಾಗ್ದಾದ್‌ನಲ್ಲಿ ಧರಣಿ ಕೂತಾಗ ಪೊಲೀಸರು ಜಲಫಿರಂಗಿ ಹಾರಿಸಿದರು. ಅಕ್ಟೋಬರ್‌ನಲ್ಲಿ ಯುವಜನರ ಸಿಟ್ಟು ತಹ್ರೀರ್ ಚೌಕದಿಂದ ನಾಸಿರಿಯಾ, ಬಸ್ರಾವರೆಗೂ ಹಬ್ಬಿತು. ‘ನಮಗೊಂದು ದೇಶ ಬೇಕು’ ಎಂಬುದು ಅವರ ಘೋಷಣೆಯಾಗಿತ್ತು. ಸುಮಾರು 600 ಮಂದಿ ಜೀವ ಕಳೆದುಕೊಂಡರು, ಪ್ರಧಾನಿ ಆದಿಲ್ ಅಬ್ದುಲ್ ಮಹ್ದಿ ರಾಜೀನಾಮೆ ಕೊಟ್ಟರು. ತೈಲವಿದ್ದ ನಾಡಿನ ಹುಡುಗರು ಕೇಳಿದ್ದು ತೈಲದಲ್ಲಿ ಪಾಲನ್ನಷ್ಟೇ ಅಲ್ಲ, ಲೆಕ್ಕ ಕೊಡುವ ಒಂದು ಸರ್ಕಾರವನ್ನು.

ಭಾರತಕ್ಕೂ ಈ ಕಥೆ ದೂರದ್ದಲ್ಲ. ಹಲವು ವರ್ಷ ನಾವು ಅತಿ ಹೆಚ್ಚು ಕಚ್ಚಾ ತೈಲ ಕೊಂಡದ್ದು ಇರಾಕ್‌ನಿಂದಲೇ. ಅಲ್ಲಿನ ಕಟ್ಟಡ ಕಾಮಗಾರಿಗಳಿಗೆ ನಮ್ಮವರೂ ಹೋಗಿದ್ದರು. 2014ರ ಜೂನ್‌ನಲ್ಲಿ ಮೊಸುಲ್ ನಗರ ಐಎಸ್ ಉಗ್ರರ ಕೈಗೆ ಸಿಕ್ಕಾಗ ಅಪಹರಣವಾದ 39 ಭಾರತೀಯ ಕಾರ್ಮಿಕರು ಕೊಲೆಯಾಗಿದ್ದಾರೆಂದು ಅಂದಿನ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ 2018ರ ಮಾರ್ಚ್‌ನಲ್ಲಿ ರಾಜ್ಯಸಭೆಗೆ ತಿಳಿಸಿದರು. ಹೆಚ್ಚಿನವರು ಪಂಜಾಬಿನವರು, ಕೂಲಿ ಅರಸಿ ಹೋದವರು.

ಕುವೈತ್ ಬೇಗ ಎದ್ದದ್ದು ಹೇಗೆ?

ತೈಲದಿಂದ ಯಾರೂ ಕಟ್ಟಿಲ್ಲವೇ? ಕಟ್ಟಿದ್ದಾರೆ. 1991ರಲ್ಲಿ ಸದ್ದಾಂ ಸೇನೆ ಹಿಂದೆಗೆಯುವಾಗ ಕುವೈತ್‌ನ ಆರುನೂರಕ್ಕೂ ಹೆಚ್ಚು ತೈಲ ಬಾವಿಗಳು ಹೊತ್ತಿ ಉರಿಯುತ್ತಿದ್ದವು. ಕೊನೆಯ ಬೆಂಕಿ ನಂದಿದ್ದು ನವೆಂಬರ್‌ನಲ್ಲಿ. ಆ ತಿಂಗಳುಗಳಲ್ಲಿ ತೈಲದ ಆದಾಯ ಇಲ್ಲವೇ ಇಲ್ಲ ಎನ್ನಬಹುದು. ಆದರೂ ದೇಶ ಬೇಗ ಎದ್ದು ನಿಂತಿತು.

ಗುಟ್ಟು ಇರುವುದು 1976ರಲ್ಲಿ. ಆ ವರ್ಷ ಕುವೈತ್ ‘ಮುಂದಿನ ಪೀಳಿಗೆಗಳ ನಿಧಿ’ ಸ್ಥಾಪಿಸಿ ಪ್ರತಿವರ್ಷ ಆದಾಯದ ಶೇ 10ರಷ್ಟನ್ನು ಅದಕ್ಕೆ ಹಾಕುತ್ತ ಬಂದಿತ್ತು. ಹಣ ವಿದೇಶಗಳ ಕಂಪನಿ, ಆಸ್ತಿಗಳಲ್ಲಿ ಹೂಡಿಕೆಯಾಗಿತ್ತು. ಸೈನಿಕರು ಅರಮನೆಗೆ ನುಗ್ಗಬಹುದು, ಲಂಡನ್‌ನ ಖಾತೆಗೆ ನುಗ್ಗಲಾರರು. ದೇಶ ಕೈತಪ್ಪಿದಾಗ ನಿರಾಶ್ರಿತರಿಗೆ, ಯುದ್ಧಕ್ಕೆ, ಆಮೇಲೆ ಪುನರ್‌ನಿರ್ಮಾಣಕ್ಕೆ ಆ ಉಳಿತಾಯ ಕೈಹಿಡಿಯಿತು. ಜನಸಂಖ್ಯೆ ಚಿಕ್ಕದು, ಯುದ್ಧ ಏಳು ತಿಂಗಳಲ್ಲಿ ಮುಗಿದಿತ್ತು, ಮರಳಿ ಬಂದ ಸರ್ಕಾರದ ಬಗ್ಗೆ ಅಂತರ್ಯುದ್ಧ ಇರಲಿಲ್ಲ ಎಂಬುದನ್ನೂ ಮರೆಯಬಾರದು. ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಎಂಬ ಮಾತನ್ನು ಮೊದಲೇ ಅರಿತವರಿಗೆ ಹೊನ್ನು ಕೆಲಸಕ್ಕೆ ಬಂತು.

ಅಂಗೋಲ ಇನ್ನೊಂದು ದಾರಿ ಹಿಡಿಯಿತು. 2002ರಲ್ಲಿ ಅಂತರ್ಯುದ್ಧ ಮುಗಿದಾಗ ಕೈಯಲ್ಲಿ ಉಳಿತಾಯವಿರಲಿಲ್ಲ. 2004ರಲ್ಲಿ ಮುಂದೆ ತೆಗೆಯುವ ತೈಲವನ್ನು ತೋರಿಸಿ ಚೀನಾದಿಂದ 2 ಬಿಲಿಯನ್ ಡಾಲರ್ ಸಾಲ ತಂದಿತು, ಅದರ ಹಿಂದೆ ಇನ್ನಷ್ಟು. ಬೆಂಗೆಲ ರೈಲುಮಾರ್ಗ, ರಸ್ತೆ, ವಸತಿ ಕಟ್ಟಡಗಳು ನಿಜಕ್ಕೂ ಎದ್ದವು. ಆದರೆ 2014ರ ನಂತರ ಬೆಲೆ ಬಿದ್ದಾಗ ಅದೇ ಸಾಲ ತೀರಿಸಲು ಹೆಚ್ಚು ಬ್ಯಾರೆಲ್ ಬೇಕಾಯಿತು. ಆಫ್ರಿಕಾದಲ್ಲಿ ಚೀನಾಕ್ಕೆ ಅತಿ ಹೆಚ್ಚು ಸಾಲಗಾರನಾದ ದೇಶ ಅಂಗೋಲ.

ಹಾಗಾದರೆ ಉತ್ತರ?

ನನ್ನ ಉತ್ತರ ಇದು. ತೈಲದ ಆದಾಯ ಪುನರ್‌ನಿರ್ಮಾಣದ ಸಾಲವನ್ನು ನಿಧಾನವಾಗಿ ತೀರಿಸಬಲ್ಲದು, ಅದರ ಮೊದಲ ಬಂಡವಾಳ ಆಗಲಾರದು. ಹಣ ತುರ್ತಾಗಿ ಬೇಕಿರುವುದು ಮೊದಲ ಎರಡು ಮೂರು ವರ್ಷಗಳಲ್ಲಿ. ತೈಲ ಸರಿಯಾಗಿ ಹರಿಯದಿರುವುದೂ ಅದೇ ವರ್ಷಗಳಲ್ಲಿ. ಆ ಕಂದಕವನ್ನು ಹಳೆಯ ಉಳಿತಾಯವೋ, ಸುಲಭ ಬಡ್ಡಿಯ ಸಾಲವೋ, ಯುದ್ಧ ಮಾಡಿದವರ ಪರಿಹಾರವೋ ತುಂಬಬೇಕು. ಮೊಸುಲ್ ಇದಕ್ಕೆ ಸಾಕ್ಷಿ. 2017ರಲ್ಲಿ ಅದನ್ನು ಉಗ್ರರಿಂದ ಬಿಡಿಸಿಕೊಂಡ ಮೇಲೆ ಇರಾಕ್ 2018ರ ಫೆಬ್ರುವರಿಯ ಕುವೈತ್ ಸಮಾವೇಶದಲ್ಲಿ 88 ಬಿಲಿಯನ್ ಡಾಲರ್ ಕೇಳಿತು. ಸಿಕ್ಕ ಭರವಸೆ 30 ಬಿಲಿಯನ್, ಅದರಲ್ಲೂ ಹೆಚ್ಚಿನದು ಸಾಲ ಮತ್ತು ಖಾತರಿ ರೂಪದ್ದು. ಆ ಊರಿನ ಹೆಗ್ಗುರುತಾದ ಅಲ್-ಹದ್ಬಾ ವಾಲುಗೋಪುರ ಮತ್ತೆ ಎದ್ದದ್ದು ಯುಎಇ ಕೊಟ್ಟ ಹಣದಲ್ಲಿ, ಯುನೆಸ್ಕೊ ಉಸ್ತುವಾರಿಯಲ್ಲಿ.

ಇನ್ನೊಂದು ಮಾತು. ‘ಅವರ ತೈಲವೇ ಖರ್ಚು ಭರಿಸುತ್ತದೆ’ ಎಂಬ ವಾಕ್ಯವನ್ನು 2003ರಲ್ಲಿ ಮೊದಲು ಹೇಳಿದ್ದು ಇರಾಕಿಗಳಲ್ಲ. ಯುದ್ಧಕ್ಕೆ ಹೊರಟವರು ತಮ್ಮ ತೆರಿಗೆದಾರರನ್ನು ಸಮಾಧಾನಪಡಿಸಲು ಹೇಳಿದ್ದು. ಮನೆ ಒಡೆದವನೇ ‘ನಿನ್ನ ಹಿತ್ತಲಲ್ಲಿ ನಿಧಿಯಿದೆ, ಅಗೆದು ಕಟ್ಟಿಕೋ’ ಎಂದ ಹಾಗೆ. ಸಿರಿಯಾ ಇರಲಿ, ನಾಳೆ ಮತ್ತೊಂದು ದೇಶವಿರಲಿ, ಈ ಮಾತು ಕೇಳಿದಾಗ ನಾವು ಮೂರು ಪ್ರಶ್ನೆ ಕೇಳಬೇಕು. ತೈಲ ಹರಿಯುವ ತನಕ ಖರ್ಚಿಗೆ ಹಣ ಎಲ್ಲಿಂದ? ಬಂದ ಹಣದಲ್ಲಿ ಸಂಬಳ, ಸಾಲ, ಪರಿಹಾರ ಕಳೆದು ಉಳಿಯುವುದೆಷ್ಟು? ಉಳಿದದ್ದರ ಲೆಕ್ಕ ಕೇಳುವ ಹಕ್ಕು ಯಾರಿಗಿದೆ?

ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. ಜನರಿಂದ ತೆರಿಗೆ ಪಡೆಯದೆ ನಡೆಯಬಲ್ಲ ಸರ್ಕಾರಕ್ಕೆ ಜನರಿಗೆ ಉತ್ತರ ಕೊಡುವ ಅವಸರ ಇರುವುದಿಲ್ಲ. ಆ ಲೆಕ್ಕ ಕೇಳಿದ್ದಕ್ಕೇ ಇರಾಕ್‌ನ ನೂರಾರು ಯುವಕರು ತಹ್ರೀರ್ ಚೌಕದಲ್ಲಿ, ನಾಸಿರಿಯಾದ ಸೇತುವೆಗಳ ಮೇಲೆ ಪ್ರಾಣ ಕೊಟ್ಟರು. ಗೈಡಿನ ‘ಸಂಪನ್ಮೂಲದ ಶಾಪ’ ಎಂಬ ಎರಡು ಅಂಕದ ಉತ್ತರದಲ್ಲಿ ಅವರಿಗೂ ಒಂದು ಸಾಲಿನ ಜಾಗ ಇರಬೇಕು.